ಕಾಲಿನ ಉಗುರು ಕಪ್ಪಾಗುವುದೇಕೆ?

ಓಡುವುದಕ್ಕೆ ಬೇಕಾದ ಅಂಗಗಳಾವುವು ಎಂದು ವಿದ್ಯಾರ್ಥಿಯೊಬ್ಬನನ್ನು ಕೇಳಿದರೆ ಅವನು ಹೃದಯ, ಶ್ವಾಸಕೋಶ, ತೊಡೆಯ ಸ್ನಾಯು, ಮೀನಖಂಡ ಎಂದು ಒಂದೊಂದಾಗಿ ಎಣಿಸಿಯಾನು. ಕಾಲಿನ ಉಗುರನ್ನು ಮಾತ್ರ ಎಣಿಸಲಾರನು. ಉಗುರು ನಮ್ಮ ಗಮನಕ್ಕೆ ಬರುವುದು ಅದು ಉದ್ದವಾಗಿ ಬೆಳೆದಾಗ, ಇಲ್ಲವೆ ನೊಂದಾಗ. ಆದರೂ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಓಟಗಾರನನ್ನು ಸ್ಪರ್ಧೆಯ ದಿನ ಕುಂಟುವಂತೆ ಮಾಡಲು ಹೆಬ್ಬೆರಳಿನ ಉಗುರಿನ ಕೆಳಗೆ ಸೇರಿದ ಒಂದೆರಡು ತೊಟ್ಟು ರಕ್ತ ಸಾಕು.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಬೆಳಗಿನ ಜಾವ ಸಂಚರಿಸಿದವರು ನಾಲೆಯ ಏರಿಯ ಮೇಲೋ, ಶಾಲೆಯ ಬಯಲಿನಲ್ಲೋ, ಡಾಂಬರು ರಸ್ತೆಯ ಅಂಚಿನಲ್ಲೋ ಓಡುವ ತರುಣ ತರುಣಿಯರನ್ನು ಕಂಡಿರುತ್ತಾರೆ. ಇವರಲ್ಲಿ ಕೆಲವರು ತಾಲ್ಲೂಕು ಕ್ರೀಡಾಕೂಟಕ್ಕಾಗಿ ಓಡುವವರು. ಮಿಕ್ಕವರು ಪೊಲೀಸ್ ಇಲಾಖೆಗೋ ಸೈನ್ಯಕ್ಕೋ ಸೇರಬೇಕೆಂದಿರುವವರು. ಕರ್ನಾಟಕದಲ್ಲಿ ಈಚಿನ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗಳ ದೈಹಿಕ ಪರೀಕ್ಷೆಯಲ್ಲಿ ಪುರುಷರು 1,600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಿ ಮುಗಿಸಬೇಕು; ಮಹಿಳೆಯರು 400 ಮೀಟರನ್ನು 2 ನಿಮಿಷಗಳೊಳಗೆ. ಆ ಆರೂವರೆ ನಿಮಿಷಗಳ ಮೇಲೆ ಒಂದು ಸಂಸಾರದ ಹತ್ತಾರು ವರ್ಷಗಳ ಅನ್ನ ನಿಂತಿರುವುದುಂಟು. ಉಗುರಿನ ವಿಚಾರವನ್ನು ಕ್ಷುಲ್ಲಕವೆಂದು ತಳ್ಳಿಹಾಕಲು ನಾವು ಒಪ್ಪದಿರುವುದು ಇದಕ್ಕಾಗಿಯೇ.

ಮೊದಲು ಉಗುರಿನ ರಚನೆಯನ್ನು ಸ್ವಲ್ಪ ನೋಡೋಣ. ನಾವು ಕತ್ತರಿಸಿ ಎಸೆಯುವ ಗಟ್ಟಿಯಾದ ಹಲ್ಲೆಗೆ ಜೀವವಿಲ್ಲ. ಕೂದಲು, ಕೊಂಬು, ಗೊರಸುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಇದರಲ್ಲಿಯೂ ಇದೆ. ಸತ್ತ ಜೀವಕೋಶಗಳು ಒತ್ತೊತ್ತಾಗಿ ಅಂಟಿಕೊಂಡು ಆದ ಈ ಹಲ್ಲೆಯ ದಪ್ಪ ಕಾಲಿನ ಹೆಬ್ಬೆರಳಿನಲ್ಲಿ ಸುಮಾರು ಒಂದೂವರೆ ಮಿಲಿಮೀಟರ್. ಅದು ಹುಟ್ಟುವ ತಾಣ ಉಗುರಿನ ಬುಡದಲ್ಲಿ, ಚರ್ಮದ ಮಡಿಕೆಯ ಕೆಳಗೆ ಅಡಗಿದೆ. ಕೈಯ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಬೆಳ್ಳಗೆ ಅರ್ಧಚಂದ್ರಾಕಾರವಾಗಿ ಕಾಣುವ ಭಾಗವು ಈ ತಾಣದ ಮುಂದಿನ ಅಂಚು. ಇಲ್ಲಿ ಹೊಸ ಜೀವಕೋಶಗಳು ಹುಟ್ಟಿ, ಹಳೆಯವನ್ನು ಮುಂದಕ್ಕೆ ತಳ್ಳಿ, ತಾವೂ ಗಟ್ಟಿಯಾಗಿ ಸಾಯುತ್ತವೆ. ಇದನ್ನು ನಾವು ‘ಹುಟ್ಟುತಾಣ’ವೆಂದು ಕರೆಯೋಣ. ಹಲ್ಲೆಯ ಕೆಳಗೆ ಹಾಸಿಗೆಯಂತೆ ಹರಡಿರುವ ಮೃದುವಾದ ಅಂಗಾಂಶಕ್ಕೆ ‘ಉಗುರುಹಾಸು’ ಎಂದು ಹೆಸರಿಡೋಣ. ಈ ಹಾಸಿನಲ್ಲಿ ಸೂಕ್ಷ್ಮ ರಕ್ತನಾಳಗಳೂ ನರಗಳ ತುದಿಗಳೂ ದಟ್ಟವಾಗಿವೆ. ಇದರ ಕೆಳಗೆ ಕೊಬ್ಬಿನ ಮೆತ್ತೆಯೇನೂ ಇಲ್ಲ. ಹೆಚ್ಚುಕಡಮೆ ನೇರವಾಗಿ ಬೆರಳಿನ ಕೊನೆಯ ಮೂಳೆಯೇ ಇದೆ. ಮೇಲೆ ಬಗ್ಗದ ಉಗುರು, ಕೆಳಗೆ ಬಗ್ಗದ ಮೂಳೆ, ನಡುವೆ ನೋವನ್ನು ಚೆನ್ನಾಗಿ ಬಲ್ಲ ತೆಳುವಾದೊಂದು ಪದರ. ಉಗುರಿನ ತೊಂದರೆಗಳೆಲ್ಲ ಈ ಏರ್ಪಾಡಿನಿಂದಲೇ ಹುಟ್ಟುತ್ತವೆ.

ಕನ್ನಡದಲ್ಲಿ ಹದವಾಗಿ ಬೆಚ್ಚಗಿರುವ ನೀರನ್ನು ‘ಉಗುರುಬೆಚ್ಚಗಿನ ನೀರು’ ಎನ್ನುತ್ತೇವೆ. ಉಗುರನ್ನು ಉಷ್ಣಮಾಪಕವಾಗಿ ಬಳಸಿದ ಈ ಮಾತು ಸೊಗಸಾದದ್ದು. ಆದರೆ ಬಿಸಿಯನ್ನು ಅರಿಯುವುದು ಉಗುರಲ್ಲ, ಅದರ ಕೆಳಗಿನ ಹಾಸು ಮತ್ತು ಸುತ್ತಲಿನ ಚರ್ಮ. ಉಗುರಿಗೆ ನರವೇ ಇಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಚಿಕಿತ್ಸೆಯ ವಿಚಾರ ಬಂದಾಗ ಇದರಿಂದ ಉಪಯೋಗವಿದೆ.

ಓಡುವವನ ಉಗುರಿಗೆ ಪೆಟ್ಟು ಬೀಳುವುದು ಎರಡು ಬಗೆಯಲ್ಲಿ. ಬರಿಗಾಲಿನವನಿಗೆ ಹೊರಗಿನ ಕಲ್ಲು ಶತ್ರು. ಬೂಟು ತೊಟ್ಟವನಿಗೆ ಬೂಟಿನ ಒಳಮೈಯೇ ಶತ್ರು.

ಬರಿಗಾಲಿನ ಮಾತನ್ನು ಮೊದಲು ಎತ್ತಿಕೊಳ್ಳುವೆವು. ಹಳ್ಳಿಯ ಶಾಲೆಯ ಓಟದ ಪಂದ್ಯದಲ್ಲಿ ಚಪ್ಪಲಿಗಳನ್ನು ಗೆಳೆಯನ ಕೈಗೆ ಕೊಟ್ಟು ಬರಿಗಾಲಿನಲ್ಲಿ ಗೆರೆಯ ಮೇಲೆ ನಿಲ್ಲುವ ಹುಡುಗರು ಇಂದಿಗೂ ಅಪರೂಪವಲ್ಲ. ಬರಿಗಾಲು ಅವಮಾನದ ವಿಷಯವೂ ಅಲ್ಲ. 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ ಕೂಟದ ಮ್ಯಾರಥಾನ್ ಓಟದಲ್ಲಿ 19ನೆಯ ಸ್ಥಾನ ಪಡೆದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಅವರ ಕಾಲದಲ್ಲಿ ನಮ್ಮ ದೇಶದ ಓಟಗಾರರು ಬರಿಗಾಲಿನಲ್ಲಿ ಓಡುವುದೇ ವಾಡಿಕೆಯಾಗಿತ್ತು. ಇಥಿಯೋಪಿಯದ ಅಬೆಬೆ ಬಿಕಿಲ 1960ರಲ್ಲಿ ರೋಮ್ ನಗರದ ಬೀದಿಗಳಲ್ಲಿ ಬರಿಗಾಲಿನಿಂದ ಓಡಿ ಮ್ಯಾರಥಾನ್ ಗೆದ್ದನು. ಮತ್ತೆ 1964ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟೂ ಗೆದ್ದನು. ಎರಡು ಬಗೆಯಲ್ಲಿಯೂ ಓಡಬಹುದೆಂಬುದಕ್ಕೆ ಒಬ್ಬನೇ ಮನುಷ್ಯನ ಎರಡು ಚಿನ್ನದ ಪದಕಗಳು ಸಾಕು. ಆದರೆ ರೋಮಿನ ಬೀದಿ ಬೇರೆ, ನಾಗಮಂಗಲದ ಹೊಲದ ದಾರಿ ಬೇರೆ.

ಈ ಸೀಮೆಯ ನೆಲದ ಅಡಿಯಲ್ಲಿರುವುದು ಅತ್ಯಂತ ಪ್ರಾಚೀನವಾದ ನೈಸ್ ಶಿಲೆ. ಮಳೆಬಿಸಿಲುಗಳಿಂದ ಆ ಶಿಲೆ ಶಿಥಿಲವಾಗಿ ಕೆಮ್ಮಣ್ಣಾಗುತ್ತದೆ. ಆದರೆ ಅದರೊಳಗಿನ ಬೆಣಚು ಸುಲಭವಾಗಿ ಕರಗುವುದಿಲ್ಲ, ಸವೆಯುವುದಿಲ್ಲ. ಹೀಗಾಗಿ ಮಣ್ಣು ಕೊಚ್ಚಿಹೋದಷ್ಟೂ ಬೆಣಚುಕಲ್ಲುಗಳು ಮೇಲೆದ್ದು ನಿಲ್ಲುತ್ತವೆ. ನಾಗಮಂಗಲದ ಕಡೆಯ ರಾಗಿಯ ಹೊಲಗಳಲ್ಲಿಯೂ ಕೃಷ್ಣರಾಜಪೇಟೆಯ ಖುಷ್ಕಿ ಜಮೀನುಗಳ ಕಾಲುದಾರಿಗಳಲ್ಲಿಯೂ ಬೆಳ್ಳಗೆ ಹೊಳೆಯುವ, ಅರ್ಧ ಹೂತುಕೊಂಡ ಆ ಕಲ್ಲುಗಳನ್ನು ಎಲ್ಲರೂ ಬಲ್ಲರು. ಅರ್ಧ ಹೂತಿರುವುದರಿಂದಲೇ ಅವು ಅಪಾಯಕರ. ಬಿಡಿಯಾದ ಕಲ್ಲಾದರೆ ಕಾಲು ತಗುಲಿದಾಗ ಉರುಳಿಹೋಗುತ್ತಿತ್ತು.

ಎಡವುವುದು ಅಜಾಗರೂಕತೆಯಿಂದ ಮಾತ್ರವೆಂದು ಹಿರಿಯರು ಗದರಿಸುತ್ತಾರೆ. ಅದು ಪೂರ್ತಿ ನ್ಯಾಯವಲ್ಲ. ನಾವು ನಡೆಯುವಾಗ ಹಿಂದಿನ ಕಾಲನ್ನು ಮುಂದಕ್ಕೆ ಬೀಸುವ ನಡುಹಂತದಲ್ಲಿ ಬೆರಳಿನ ತುದಿಗೂ ನೆಲಕ್ಕೂ ಇರುವ ಅಂತರ ಕೇವಲ ಒಂದೆರಡು ಸೆಂಟಿಮೀಟರ್. ವಿಚಿತ್ರವೆಂದರೆ ಪಾದದ ವೇಗ ಅತ್ಯಧಿಕವಾಗಿರುವುದೂ ಸರಿಸುಮಾರು ಆ ಹೊತ್ತಿನಲ್ಲಿಯೇ. ಗಂಟೆಗೆ 5 ಕಿಲೋಮೀಟರ್ ವೇಗದಿಂದ ನಡೆಯುವವನ ದೇಹ ಅಷ್ಟೇ ವೇಗದಲ್ಲಿ ಸಾಗಿದರೂ, ನೆಲದ ಮೇಲೆ ನಿಂತ ಕಾಲು ಆ ಹೊತ್ತಿನಲ್ಲಿ ನಿಶ್ಚಲವಾಗಿರುವುದರಿಂದ, ಬೀಸುವ ಕಾಲು ಹಿಂದುಳಿದ ದೂರವನ್ನೆಲ್ಲ ಅಲ್ಪ ಕಾಲದಲ್ಲಿ ತುಂಬಿಕೊಡಬೇಕು; ಅದರ ವೇಗ ದೇಹದ ವೇಗದ ಸುಮಾರು ಮೂರರಷ್ಟಾಗುತ್ತದೆ. ಓಟದಲ್ಲಿ ಕಾಲು ಇನ್ನೂ ಮೇಲೆ ಎದ್ದು ಹೋಗುವುದು ನಿಜ. ಆದರೆ ದಣಿದಾಗ ಅದು ತಗ್ಗುತ್ತದೆ. ಓಟದ ಕೊನೆಯ ಸುತ್ತಿನಲ್ಲಿ ಎಡವುವವರು ಹೆಚ್ಚಾಗಿರುವುದು ಇದರಿಂದ. ‘ಎಡವಿದ ಕಾಲೇ ಎಡವುವುದು’ ಎಂಬ ಗಾದೆಗೂ ಕಾರಣವಿಲ್ಲದಿಲ್ಲ. ನೊಂದ ಬೆರಳು ಊದಿ ಮುಂದೆ ಚಾಚಿರುತ್ತದೆ. ನೋವಿಗೆ ಅಂಜಿ ಕಾಲನ್ನು ಎಳೆದು ಹಾಕುವವನು ಅದನ್ನು ಮೊದಲಿನಷ್ಟು ಎತ್ತುವುದಿಲ್ಲ.

ಎಡವಿದಾಗ ಪೆಟ್ಟು ಉಗುರಿನ ಮುಂದಂಚಿಗೆ ಬೀಳುತ್ತದೆ. ಅಂಚು ಬೆರಳಿನಿಂದ ಮುಂದಕ್ಕೆ ಬೆಳೆದಿದ್ದರಂತೂ ಉಗುರು ಸನ್ನೆಕೋಲಿನಂತೆ ವರ್ತಿಸುತ್ತದೆ: ಮುಂದಿನ ತುದಿಯನ್ನು ಕಲ್ಲು ಮೇಲೆತ್ತುತ್ತದೆ, ಉಗುರು ತನ್ನ ಹಾಸಿನಿಂದ ಕಿತ್ತು ಬರುತ್ತದೆ. ಈ ಗಾಯ ತೆರೆದದ್ದು. ರಕ್ತ ಹೊರಗೆ ಹರಿಯುತ್ತದೆ. ಮಣ್ಣು ಒಳಗೆ ಸೇರುತ್ತದೆ. ದನಗಳು ಓಡಾಡಿದ ಮಣ್ಣಿನಲ್ಲಿ ಧನುರ್ವಾಯುವಿನ ಬ್ಯಾಕ್ಟೀರಿಯಾದ ಬೀಜಕಣಗಳು ವರ್ಷಗಟ್ಟಲೆ ಬದುಕಿರಬಲ್ಲವು. ಆದುದರಿಂದ ಇಂಥ ಗಾಯವನ್ನು ಶುದ್ಧವಾದ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆದು, ಶುಭ್ರವಾದ ಬಟ್ಟೆ ಕಟ್ಟಿ ವೈದ್ಯರಲ್ಲಿಗೆ ಹೋಗಬೇಕು. ರಕ್ತ ನಿಲ್ಲಲೆಂದು ಕಾಫಿ ಪುಡಿ, ಸುಣ್ಣ, ಹೊಗೆಸೊಪ್ಪು, ಇನ್ನೂ ಕೆಟ್ಟದ್ದೆಂದರೆ ದಾರಿಯ ಮಣ್ಣನ್ನೇ ಮೆತ್ತುವ ಪದ್ಧತಿಯನ್ನು ನಾವು ಮೆಚ್ಚಲಾರೆವು. ರಕ್ತ ತಾನಾಗಿಯೇ ಹೆಪ್ಪುಗಟ್ಟಬಲ್ಲುದು. ಅದಕ್ಕೆ ಬೇಕಾದದ್ದು ಹತ್ತು ನಿಮಿಷ ಒತ್ತಿಹಿಡಿಯುವ ಬೆರಳು ಮಾತ್ರ. ನಮ್ಮ ದೇಶದ ಲಸಿಕೆಯ ಕಾರ್ಯಕ್ರಮದಲ್ಲಿ 10 ಮತ್ತು 16ನೆಯ ವಯಸ್ಸಿನಲ್ಲಿ ಟಿಡಿ ಎಂಬ ಚುಚ್ಚುಮದ್ದನ್ನು ಕೊಡುತ್ತಾರೆ. ಅದರಲ್ಲಿ ಧನುರ್ವಾಯುವಿನ ರಕ್ಷಣೆಯೂ ಅಡಗಿದೆ. ಶಾಲೆಗೆ ದಾದಿಯರು ಬಂದ ದಿನ ಹಿತ್ತಲ ಗೋಡೆ ಹಾರಿ ಓಡಿದ ವೀರರು ಇದನ್ನು ಗಮನಿಸುವುದು ಒಳ್ಳೆಯದು.

ಇನ್ನು ಬೂಟು ತೊಟ್ಟವರ ವಿಷಯ. ಇಲ್ಲಿ ಕಲ್ಲೂ ಇಲ್ಲ, ಎಡವಿದ ನೆನಪೂ ಇಲ್ಲ. ಓಡಿ ಬಂದು ಕಾಲುಚೀಲ ಕಳಚಿದಾಗ ಉಗುರು ಕೆಂಪಗೆ ಅಥವಾ ನೇರಳೆಯ ಬಣ್ಣಕ್ಕೆ ತಿರುಗಿರುತ್ತದೆ. ನಾಲ್ಕಾರು ದಿನಗಳಲ್ಲಿ ಕಪ್ಪಾಗುತ್ತದೆ. ಒಂದೇ ದೊಡ್ಡ ಪೆಟ್ಟಿನ ಬದಲು ಸಾವಿರಾರು ಚಿಕ್ಕ ಪೆಟ್ಟುಗಳು ಇಲ್ಲಿ ಕೆಲಸ ಮಾಡಿರುತ್ತವೆ. ಲೆಕ್ಕ ಹಾಕಿ ನೋಡೋಣ. ದಿನಕ್ಕೆ 5 ಕಿಲೋಮೀಟರ್ ಅಭ್ಯಾಸ ಮಾಡುವವನ ಹೆಜ್ಜೆಯ ಉದ್ದ 1 ಮೀಟರ್ ಎಂದಿಟ್ಟುಕೊಂಡರೆ, ಅವನ ಪ್ರತಿಯೊಂದು ಕಾಲೂ ದಿನಕ್ಕೆ 2,500 ಸಲ ನೆಲವನ್ನು ಬಡಿಯುತ್ತದೆ. ತಿಂಗಳಿಗೆ 75,000 ಸಲ. ಪ್ರತಿ ಸಲವೂ ನೆಲದಿಂದ ಕಾಲಿಗೆ ಹಿಂದಿರುಗುವ ಬಲ ದೇಹದ ತೂಕದ ಎರಡರಿಂದ ಮೂರರಷ್ಟು. ಅದರಲ್ಲಿ ಬಹುಪಾಲು ಮೇಲ್ಮುಖವಾದದ್ದು, ಉಗುರಿಗೆ ತಾಗುವುದಿಲ್ಲ. ಆದರೆ ಪಾದವು ಬೂಟಿನೊಳಗೆ ಕೊಂಚ ಮುಂದಕ್ಕೆ ಜಾರಿದರೂ ಸಾಕು, ಉಗುರಿನ ಅಂಚು ಬೂಟಿನ ಮೂತಿಗೆ ಹೋಗಿ ತಗಲುತ್ತದೆ.

ಇಳಿಜಾರಿನಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟದ ದಾರಿಯನ್ನಾಗಲಿ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಿಂದ ಜಕ್ಕನಹಳ್ಳಿಯ ಕಡೆಗೆ ಇಳಿಯುವ ರಸ್ತೆಯನ್ನಾಗಲಿ ಉದಾಹರಣೆಗೆ ತೆಗೆದುಕೊಳ್ಳಬಹುದು. ಏರುವಾಗ ಉಸಿರು ಕಟ್ಟುತ್ತದೆ, ಉಗುರಿಗೆ ಏನೂ ಆಗುವುದಿಲ್ಲ. ಇಳಿಯುವಾಗ ಉಸಿರು ಹಗುರ, ಉಗುರಿಗೆ ಶಿಕ್ಷೆ. ಹತ್ತು ಮೀಟರಿಗೆ ಒಂದು ಮೀಟರಿನಂತೆ ಇಳಿಯುವ ರಸ್ತೆಯಲ್ಲಿ 60 ಕಿಲೋಗ್ರಾಂ ತೂಕದ ತರುಣನೊಬ್ಬನು ಸುಮ್ಮನೆ ನಿಂತಿದ್ದರೂ ಅವನ ತೂಕದ ಹತ್ತರಲ್ಲೊಂದು ಪಾಲು, ಎಂದರೆ 6 ಕಿಲೋಗ್ರಾಂ ತೂಕದಷ್ಟು ಬಲ, ಪಾದವನ್ನು ಬೂಟಿನ ಮೂತಿಯ ಕಡೆಗೆ ತಳ್ಳುತ್ತಿರುತ್ತದೆ. ಓಡುವಾಗ ನೆಲಕ್ಕೆ ಬಡಿಯುವ ಬಲ ತೂಕದ ಎರಡೂವರೆಯಷ್ಟಾದರೆ ಈ ತಳ್ಳುವ ಬಲವೂ 15 ಕಿಲೋಗ್ರಾಂ ತೂಕದಷ್ಟಾಗುತ್ತದೆ. ವೇಗವನ್ನು ತಡೆಯಲು ಅವನು ಕಾಲನ್ನು ಮುಂದೆ ಊರಿ ನಿಲ್ಲಿಸಿದನೆಂದರೆ ಇದಕ್ಕೆ ಇನ್ನಷ್ಟು ಸೇರುತ್ತದೆ. ಕಾಲುಚೀಲದ ಘರ್ಷಣೆ ಮತ್ತು ಬಿಗಿಯಾಗಿ ಕಟ್ಟಿದ ದಾರ ಇವೆರಡೂ ಪಾದವನ್ನು ಹಿಡಿದು ನಿಲ್ಲಿಸಬೇಕು. ದಾರ ಸಡಿಲವಾಗಿದ್ದರೆ, ಕಾಲುಚೀಲ ಬೆವರಿನಿಂದ ತೊಯ್ದಿದ್ದರೆ, ಆ ಕೆಲಸ ಉಗುರಿನ ಪಾಲಿಗೆ ಬರುತ್ತದೆ.

ಬೂಟು ದೊಡ್ಡದಾದರೆ ಒಳ್ಳೆಯದೆಂದು ಇದರಿಂದ ತಿಳಿಯಬಾರದು. ಅಣ್ಣನ ಬೂಟು ತಮ್ಮನಿಗೆ ಬರುವುದು ನಮ್ಮ ಸಂಸಾರಗಳಲ್ಲಿ ಸಹಜ; ದೊಡ್ಡ ಬೂಟಿನಲ್ಲಿ ಪಾದವು ಹೆಚ್ಚು ದೂರ ಜಾರಿ ಹೆಚ್ಚು ವೇಗದಿಂದ ಮೂತಿಗೆ ಅಪ್ಪಳಿಸುತ್ತದೆ. ಚಿಕ್ಕ ಬೂಟಿನಲ್ಲಿ ಅಪ್ಪಳಿಸುವಿಕೆ ಇಲ್ಲ, ಎಡೆಬಿಡದ ಒತ್ತಡವುಂಟು. ಫಲ ಒಂದೇ. ಕೆಲವರಿಗೆ ಹೆಬ್ಬೆರಳಿಗಿಂತ ಅದರ ಪಕ್ಕದ ಬೆರಳು ಉದ್ದವಾಗಿರುತ್ತದೆ. ಹೆಣ್ಣಿಗೆ ಹಾಗಿದ್ದರೆ ಗಂಡನನ್ನು ಆಳುತ್ತಾಳೆಂದು ಹೇಳುವುದುಂಟು. ಅದರ ಸತ್ಯಾಸತ್ಯವನ್ನು ಮನೆಯವರೇ ಹೇಳಬೇಕು. ಓಟದ ಮಟ್ಟಿಗೆ ಹೇಳುವುದಾದರೆ ಅಂಥವರಲ್ಲಿ ಮೊದಲು ಕಪ್ಪಾಗುವುದು ಆ ಎರಡನೆಯ ಬೆರಳಿನ ಉಗುರು. ಮದುವೆಯಾದ ಹೆಣ್ಣುಮಕ್ಕಳು ಇದೇ ಬೆರಳಿಗೆ ಕಾಲುಂಗುರ ಧರಿಸುವುದರಿಂದ ಇಕ್ಕಟ್ಟಾದ ಬೂಟಿನಲ್ಲಿ ಬೆರಳಿನ ಬುಡವೂ ಉಜ್ಜಿ ನೋಯಬಹುದು. ಅಭ್ಯಾಸದ ಹೊತ್ತಿನಲ್ಲಿ ಅದನ್ನು ತೆಗೆದಿಡುವುದೋ, ಮುಂಭಾಗ ಅಗಲವಾದ ಬೂಟನ್ನು ಕೊಳ್ಳುವುದೋ ಅವರವರ ಇಷ್ಟಕ್ಕೆ ಬಿಟ್ಟದ್ದು.

ಈಗ ಕಪ್ಪು ಬಣ್ಣದ ರಹಸ್ಯಕ್ಕೆ ಬರೋಣ. ಪದೇ ಪದೇ ಪೆಟ್ಟು ತಿಂದ ಉಗುರುಹಾಸಿನಲ್ಲಿ ಸೂಕ್ಷ್ಮ ರಕ್ತನಾಳಗಳು ಹರಿಯುತ್ತವೆ. ಸೋರಿದ ರಕ್ತ ಎಲ್ಲಿಗೆ ಹೋಗಬೇಕು? ಬೇರೆ ಕಡೆಯಾದರೆ ಚರ್ಮ ಉಬ್ಬಿ ಅದಕ್ಕೆ ಎಡೆ ಕೊಡುತ್ತದೆ. ಇಲ್ಲಿ ಮೇಲಿನ ಹಲ್ಲೆಯೂ ಬಗ್ಗದು, ಕೆಳಗಿನ ಮೂಳೆಯೂ ಬಗ್ಗದು. ಒಂದೆರಡು ತೊಟ್ಟು ರಕ್ತವೇ ಹಾಸನ್ನು ಬಲವಾಗಿ ಒತ್ತುತ್ತದೆ. ಹೃದಯದ ಪ್ರತಿಯೊಂದು ಬಡಿತಕ್ಕೂ ಒತ್ತಡ ಸ್ವಲ್ಪ ಏರಿಳಿಯುವುದರಿಂದ ಬೆರಳು ‘ಪಟಪಟ’ ಸಿಡಿಯುತ್ತದೆ. ಕಾಲನ್ನು ಇಳಿಬಿಟ್ಟು ಕುಳಿತರೆ ನೋವು ಹೆಚ್ಚು. ದಿಂಬಿನ ಮೇಲೆ ಎತ್ತಿಟ್ಟರೆ ಕಡಮೆ. ಎತ್ತರದಲ್ಲಿ ದ್ರವದ ಒತ್ತಡ ಕಡಮೆಯೆಂದು ಭೌತಶಾಸ್ತ್ರದ ತರಗತಿಯಲ್ಲಿ ಕಲಿತದ್ದನ್ನು ಇಲ್ಲಿ ಸ್ವಂತ ಕಾಲಿನಲ್ಲಿಯೇ ಪರೀಕ್ಷಿಸಿಕೊಳ್ಳಬಹುದು.

ಮೊಣಕಾಲಿಗೆ ಪೆಟ್ಟಾಗಿ ಚರ್ಮದಡಿಯಲ್ಲಿ ರಕ್ತ ಕಟ್ಟಿದರೆ ಆ ಕಲೆ ನೀಲಿಯಿಂದ ಹಸುರಿಗೂ ಹಸುರಿನಿಂದ ಹಳದಿಗೂ ತಿರುಗಿ ಎರಡು ವಾರಗಳಲ್ಲಿ ಮಾಯವಾಗುತ್ತದೆ. ರಕ್ತದ ಹೀಮೊಗ್ಲೋಬಿನನ್ನು ದೇಹದ ಕೆಲವು ಜೀವಕೋಶಗಳು ನುಂಗಿ, ಒಡೆದು, ಸಾಗಿಸುವಾಗ ಈ ಬಣ್ಣಗಳು ಹುಟ್ಟುತ್ತವೆ. ಉಗುರಿನ ಕೆಳಗಿನ ರಕ್ತವಾದರೋ ಸತ್ತ ಹಲ್ಲೆಯ ಒಳಮೈಗೆ ಅಂಟಿಕೊಂಡು ಒಣಗುತ್ತದೆ. ಅದನ್ನು ಸಾಗಿಸಲು ಯಾವ ಜೀವಕೋಶವೂ ಅಲ್ಲಿಗೆ ಬರಲಾರದು. ಆದುದರಿಂದ ಅದು ಕಪ್ಪಾಗಿಯೇ ಉಳಿದು ಉಗುರಿನೊಡನೆ ಮುಂದೆ ಸಾಗುತ್ತದೆ. ‘ಕೆಟ್ಟ ರಕ್ತ ಸೇರಿದೆ, ಕುಯ್ದು ತೆಗೆಯಬೇಕು’ ಎಂದು ಬ್ಲೇಡು ಹಿಡಿದು ಕೂರುವವರಿಗೆ ಇದನ್ನು ತಿಳಿಸಿ ಹೇಳಬೇಕಾಗಿದೆ. ಅದು ನಮ್ಮ ಮೈಯ ಒಳ್ಳೆಯ ರಕ್ತವೇ; ಒಣಗಿದೆ, ಅಷ್ಟೆ.

ಹೀಗೆ ಉಗುರಿನೊಡನೆ ಸಾಗುವ ಕಲೆಯನ್ನು ಒಂದು ಪಂಚಾಂಗದಂತೆ ಓದಲು ಬರುತ್ತದೆ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ, ಕಾಲಿನ ಉಗುರು ಅದರ ಅರ್ಧದಷ್ಟು ಮಾತ್ರ, ಸುಮಾರು 1½ ಮಿಲಿಮೀಟರ್ ಬೆಳೆಯುತ್ತದೆ. ಬುಡದ ಚರ್ಮದ ಹತ್ತಿರ ಹುಟ್ಟಿದ ಕಲೆಯ ಹಿಂದಂಚು ಈಗ ಬುಡದಿಂದ 6 ಮಿಲಿಮೀಟರ್ ದೂರದಲ್ಲಿದ್ದರೆ ಪೆಟ್ಟು ಬಿದ್ದು ನಾಲ್ಕು ತಿಂಗಳಾದುವೆಂದು ಊಹಿಸಬಹುದು. ವೈದ್ಯರು ಇಂಥ ಗುರುತುಗಳನ್ನು ಓದುವುದನ್ನು ಬಹಳ ಹಿಂದೆಯೇ ಕಲಿತರು. ದೊಡ್ಡ ಕಾಯಿಲೆ ಬಂದು ಹೋದ ಮೇಲೆ ಉಗುರುಗಳಲ್ಲಿ ಅಡ್ಡವಾಗಿ ತಗ್ಗುಗೆರೆ ಮೂಡುವುದನ್ನು ಫ್ರಾನ್ಸಿನ ವೈದ್ಯ ಜೋಸೆಫ್ ಬೋ 1846ರಲ್ಲಿ ವರ್ಣಿಸಿದನು. ಅಮೆರಿಕದ ವೈದ್ಯ ವಿಲಿಯಂ ಬೀನ್ ಎಂಬಾತನ ಸಾಹಸ ಇನ್ನೂ ವಿನೋದಕರವಾದದ್ದು. ಆತನು ತನ್ನ ಎಡಗೈಯ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಪ್ರತಿ ತಿಂಗಳ ಮೊದಲ ದಿನ ಅರದಿಂದ ಒಂದು ಗೆರೆಯನ್ನು ಕೊರೆದು, ಅದು ತುದಿಗೆ ಮುಟ್ಟುವ ದಿನವನ್ನು ಗುರುತು ಹಾಕಿಕೊಳ್ಳುತ್ತ 35 ವರ್ಷಗಳನ್ನು ಕಳೆದನು. ಅವನ 32ನೆಯ ವಯಸ್ಸಿನಲ್ಲಿ ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿದ್ದ ಉಗುರು 67ನೆಯ ವಯಸ್ಸಿಗೆ 0.095 ಮಿಲಿಮೀಟರಿಗೆ ಇಳಿದಿತ್ತು. ಇದನ್ನು ಆತನು 1980ರಲ್ಲಿ ಪ್ರಕಟಿಸಿದನು. ಪ್ರಯೋಗಶಾಲೆಯಿಲ್ಲ, ಹಣವಿಲ್ಲ ಎಂದು ಕೊರಗುವ ವಿದ್ಯಾರ್ಥಿಗಳು ಈ ಪ್ರಯೋಗದ ಖರ್ಚನ್ನು ಲೆಕ್ಕ ಹಾಕಿ ನೋಡಬಹುದು.

ಉಗುರಿನ ಕಲೆ ಸಾಗುತ್ತದೆಂಬುದು ಕುತೂಹಲದ ಮಾತಷ್ಟೇ ಅಲ್ಲ. ಒಮ್ಮೊಮ್ಮೆ ಪ್ರಾಣದ ಪ್ರಶ್ನೆಯೂ ಹೌದು. ಜಮೈಕ ದೇಶದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿಯ ಕಾಲಿನ ಹೆಬ್ಬೆರಳಿನ ಉಗುರಿನ ಕೆಳಗಿದ್ದ ಗಾಯವನ್ನು ಮೊದಲು ಫುಟ್‌ಬಾಲ್ ಆಟದ ಪೆಟ್ಟೆಂದು ಭಾವಿಸಿದ್ದರು. 1977ರಲ್ಲಿ ಅದು ಮೆಲನೋಮ ಎಂಬ ಕ್ಯಾನ್ಸರ್ ಎಂದು ತಿಳಿಯಿತು. 1981ರಲ್ಲಿ, ತನ್ನ 36ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಇದು ಬಹಳ ವಿರಳವಾದ ರೋಗ. ಕಪ್ಪು ಉಗುರಿನವರೆಲ್ಲ ಹೆದರಬೇಕಾಗಿಲ್ಲ. ನಮ್ಮಂಥ ಕಂದು ಬಣ್ಣದವರ ಉಗುರುಗಳಲ್ಲಿ ನಿರಪಾಯವಾದ ಕಪ್ಪು ಪಟ್ಟೆಗಳೂ ಇರುವುದುಂಟು. ಆದರೆ ಪೆಟ್ಟಿನ ನೆನಪಿಲ್ಲದೆ ಬಂದ ಕಪ್ಪು, ಎರಡು ಮೂರು ತಿಂಗಳಾದರೂ ಬುಡವನ್ನು ಬಿಟ್ಟು ಮುಂದೆ ಸಾಗದೆ ಇರುವ ಕಪ್ಪು, ಅಗಲವಾಗುತ್ತಿರುವ ಇಲ್ಲವೆ ಸುತ್ತಲಿನ ಚರ್ಮಕ್ಕೆ ಹರಡುತ್ತಿರುವ ಕಪ್ಪು, ಇವನ್ನು ಚರ್ಮರೋಗದ ವೈದ್ಯರಿಗೆ ತೋರಿಸಲೇಬೇಕು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮಂಡ್ಯದಲ್ಲಿಯೂ ಮೈಸೂರಿನಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ದೂರದ ನೆಪ ಹೇಳುವಂತಿಲ್ಲ.

ಸಾಮಾನ್ಯವಾದ ಕಪ್ಪು ಉಗುರಿಗೆ ಏನು ಮಾಡಬೇಕು? ನೋವಿಲ್ಲದಿದ್ದರೆ ಏನೂ ಮಾಡಬೇಕಾಗಿಲ್ಲ. ಆಗತಾನೆ ಪೆಟ್ಟು ಬಿದ್ದಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ತಣ್ಣೀರಿನ ಪಟ್ಟಿಯನ್ನೋ ಹದಿನೈದು ನಿಮಿಷ ಇಟ್ಟು ಕಾಲನ್ನು ಎತ್ತರದಲ್ಲಿರಿಸಿದರೆ ರಕ್ತ ಸೋರುವುದು ತಗ್ಗುತ್ತದೆ. ಸಿಡಿತ ನಿದ್ದೆಗೆಡಿಸುವಷ್ಟಿದ್ದರೆ ಒಂದೆರಡು ದಿನಗಳೊಳಗೆ ವೈದ್ಯರ ಬಳಿಗೆ ಹೋಗಬೇಕು. ಅವರು ಉಗುರಿನಲ್ಲಿ ಸಣ್ಣದೊಂದು ರಂಧ್ರ ಕೊರೆದು ರಕ್ತವನ್ನು ಹೊರಬಿಡುತ್ತಾರೆ. ಉಗುರಿಗೆ ನರವಿಲ್ಲವೆಂದು ಹಿಂದೆ ಹೇಳಿದೆವಷ್ಟೆ, ಕೊರೆಯುವುದು ನೋಯುವುದಿಲ್ಲ, ಒತ್ತಡ ಇಳಿದೊಡನೆ ನೋವು ಮಾಯವಾಗುತ್ತದೆ. ಇದನ್ನು ನೋಡಿ ಬಂದವರು ಮನೆಯಲ್ಲಿ ಸೂಜಿ ಕಾಯಿಸಿ ತಾವೇ ಚುಚ್ಚಿಕೊಳ್ಳಲು ಹೊರಡುವುದುಂಟು. ಅದು ಬೇಡ. ಸೂಜಿ ಒಂದು ಮಿಲಿಮೀಟರ್ ಹೆಚ್ಚು ಇಳಿದರೆ ತಲಪುವುದು ಉಗುರುಹಾಸಿಗೆ, ಅದರ ಹಿಂದೆಯೇ ಮೂಳೆಗೆ. ಶುದ್ಧವಲ್ಲದ ಸೂಜಿಯಿಂದ ಮೂಳೆಗೆ ಸೋಂಕು ತಗುಲಿದರೆ ಪೊಲೀಸ್ ಪರೀಕ್ಷೆ ಹಾಗಿರಲಿ, ನಡೆಯುವುದೇ ಕಷ್ಟವಾದೀತು. ಬೆರಳು ಬಹಳ ಊದಿ ಮುಟ್ಟಲಾರದಂತಿದ್ದರೆ ಮೂಳೆ ಬಿರುಕು ಬಿಟ್ಟಿದೆಯೇ ಎಂದು ಎಕ್ಸ್-ರೇ ತೆಗೆದು ನೋಡುವುದೂ ಅಗತ್ಯವಾಗುತ್ತದೆ.

ಕಪ್ಪು ಉಗುರನ್ನೂ ಉಗುರುಸುತ್ತನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಉಗುರುಸುತ್ತು ಅಂಚಿನ ಚರ್ಮಕ್ಕೆ ತಗುಲಿದ ಸೋಂಕು. ಅಲ್ಲಿ ಕೆಂಪು, ಕಾವು, ಕೀವು ಇರುತ್ತವೆ. ಉಗುರಿನ ಮೂಲೆಗಳನ್ನು ಬ್ಲೇಡಿನಿಂದ ಆಳವಾಗಿ ದುಂಡಗೆ ಕತ್ತರಿಸುವುದೇ ಕಾಲಿನಲ್ಲಿ ಇದಕ್ಕೆ ದಾರಿ ಮಾಡುತ್ತದೆ: ಮೂಲೆಯಲ್ಲಿ ಉಳಿದ ಚೂಪು ಬೆಳೆಯುತ್ತ ಬೆಳೆಯುತ್ತ ಮಾಂಸದೊಳಕ್ಕೆ ನುಗ್ಗುತ್ತದೆ. ಕೈಬೆರಳಿನ ಉಗುರುಸುತ್ತಿಗೆ ನಿಂಬೆಹಣ್ಣನ್ನು ಟೋಪಿಯಂತೆ ಸಿಕ್ಕಿಸುವ ಮನೆಮದ್ದನ್ನು ಎಲ್ಲರೂ ಬಲ್ಲರು. ಅದರ ತಂಪು ಹಿತವೆನಿಸಬಹುದು. ಒಳಗೆ ಸೇರಿದ ಕೀವನ್ನು ತೆಗೆಯುವ ಶಕ್ತಿ ಅದಕ್ಕಿಲ್ಲ. ಆರಂಭದಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಬೆರಳನ್ನು ಅದ್ದಿಡುವುದು ಮೇಲು. ಕೀವು ಕಟ್ಟಿದರೆ ವೈದ್ಯರೇ ಬಿಡಿಸಬೇಕು. ಸಿಹಿಮೂತ್ರದ ಕಾಯಿಲೆಯುಳ್ಳ ಹಿರಿಯರು ಕಾಲಿನ ಯಾವ ಗಾಯಕ್ಕೂ ಮನೆಮದ್ದಿನಲ್ಲಿ ದಿನ ಕಳೆಯಬಾರದು, ಏಕೆಂದರೆ ಅವರಿಗೆ ನೋವು ಎಷ್ಟೋ ವೇಳೆ ತಿಳಿಯುವುದೇ ಇಲ್ಲ.

ಬೂಟು ಕೊಳ್ಳುವವರಿಗೆ ಒಂದು ಮಾತು. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಖ್ಯೆಗಳು ಬ್ರಿಟಿಷ್ ಪದ್ಧತಿಯವು. ಒಂದು ಸಂಖ್ಯೆಗೂ ಮುಂದಿನ ಸಂಖ್ಯೆಗೂ ಅಂಗುಲದ ಮೂರರಲ್ಲೊಂದು ಪಾಲು, ಎಂದರೆ ಸುಮಾರು 8½ ಮಿಲಿಮೀಟರ್ ವ್ಯತ್ಯಾಸ. ನಿಂತಾಗ ಅತಿ ಉದ್ದದ ಬೆರಳಿಗೂ ಬೂಟಿನ ಮೂತಿಗೂ ನಡುವೆ ಉಳಿಯಬೇಕಾದ ಜಾಗ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಆದುದರಿಂದ ‘ಸರಿಯಾಗಿ ಹಿಡಿದಂತಿದೆ’ ಎನ್ನಿಸುವ ಬೂಟಿಗಿಂತ ಒಂದು ಸಂಖ್ಯೆ ದೊಡ್ಡದೇ ಎಷ್ಟೋ ವೇಳೆ ಓಟಕ್ಕೆ ಸರಿಹೋಗುತ್ತದೆ; ಅದಕ್ಕಿಂತ ದೊಡ್ಡದು ಬೇಡ. ದಿನವೆಲ್ಲ ಓಡಾಡಿದ ಪಾದ ಸಂಜೆಗೆ ಕೊಂಚ ಊದಿರುತ್ತದೆ, ಓಡುವಾಗಲೂ ಹಾಗೆಯೇ. ಬೂಟನ್ನು ಸಂಜೆಯೇ ಹಾಕಿ ನೋಡಬೇಕು, ಓಡುವಾಗ ತೊಡುವ ಕಾಲುಚೀಲದೊಡನೆಯೇ ನೋಡಬೇಕು. ದಾರವನ್ನು ಬೆರಳುಗಳ ಕಡೆ ಸಡಿಲವಾಗಿಯೂ ಕಣಕಾಲಿನ ಕಡೆ ಬಿಗಿಯಾಗಿಯೂ ಕಟ್ಟಿದರೆ ಹಿಮ್ಮಡಿ ಹಿಂದೆ ನಿಲ್ಲುತ್ತದೆ. ಉಗುರನ್ನು ನೇರವಾಗಿ, ಪರೀಕ್ಷೆಗೆ ಮೂರು ನಾಲ್ಕು ದಿನ ಮೊದಲೇ ಕತ್ತರಿಸಬೇಕು. ಹಿಂದಿನ ರಾತ್ರಿ ಕತ್ತರಿಸಲು ಹೋಗಿ ಮಾಂಸ ಕುಯ್ದುಕೊಂಡರೆ ವಾಸಿಯಾಗಲು ಹೊತ್ತಿರುವುದಿಲ್ಲ. ಪರೀಕ್ಷೆಯ ದಿನ ಹೊಸ ಬೂಟನ್ನು ಮೊದಲ ಬಾರಿಗೆ ತೊಡುವುದು ಹಬ್ಬಕ್ಕೆ ಸರಿ, ಓಟಕ್ಕೆ ಸಲ್ಲದು.

ರಕ್ತವು ಉಗುರಿನ ಬಹುಭಾಗದ ಕೆಳಗೆ ಹರಡಿದ್ದರೆ ಕೆಲವು ವಾರಗಳಲ್ಲಿ ಉಗುರು ಸಡಿಲವಾಗುತ್ತದೆ. ಅದನ್ನು ಎಳೆದು ಕೀಳಬಾರದು. ಎಳಸಾದ ಹಾಸಿಗೆ ಅದೇ ಅತ್ಯುತ್ತಮವಾದ ಕಟ್ಟು. ಎದ್ದ ಅಂಚುಗಳು ಬಟ್ಟೆಗೆ ಸಿಕ್ಕಿಕೊಳ್ಳದಂತೆ ಕತ್ತರಿಸಿ, ಮೇಲೊಂದು ಅಂಟುಪಟ್ಟಿ ಹಾಕಿದರೆ ಸಾಕು. ಹುಟ್ಟುತಾಣಕ್ಕೆ ಪೆಟ್ಟಾಗಿಲ್ಲದಿದ್ದರೆ ಹಳೆಯ ಉಗುರಿನ ಅಡಿಯಲ್ಲಿಯೇ ಹೊಸದು ಹೊರಟಿರುತ್ತದೆ. ಹೆಬ್ಬೆರಳಿನಲ್ಲಿ ಅದು ಪೂರ್ಣವಾಗಲು ಒಂದು ವರ್ಷದಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಈ ಸಂಕ್ರಾಂತಿಗೆ ಉದುರಿದ ಉಗುರು ಮುಂದಿನ ಸಂಕ್ರಾಂತಿಗೆ ತುದಿ ಮುಟ್ಟಿದರೆ ಬೇಗನೆ ಬೆಳೆಯಿತೆಂದೇ ಹೇಳಬೇಕು. ಉಗುರಿಲ್ಲದ ಈ ಅವಧಿಯಲ್ಲಿ ಬೆರಳಿನ ತುದಿಯ ಮಾಂಸ ಮೇಲಕ್ಕೆ ಉಬ್ಬುವುದರಿಂದ ಹೊಸ ಉಗುರು ಅದಕ್ಕೆ ಡಿಕ್ಕಿ ಹೊಡೆದು ನಿಲ್ಲುವುದುಂಟು. ಆಗ ಆ ಮಾಂಸವನ್ನು ಅಂಟುಪಟ್ಟಿಯಿಂದ ಕೆಳಕ್ಕೆ ಎಳೆದು ಕಟ್ಟಿ ದಾರಿ ಬಿಡಿಸುತ್ತಾರೆ. ಮೊದಲು ಬರುವ ಭಾಗ ದಪ್ಪಗೆ, ಅಲೆಅಲೆಯಾಗಿ, ಬಣ್ಣಗೆಟ್ಟು ಕಾಣುತ್ತದೆ. ಹಿಂದಿನಿಂದ ಬರುವುದು ನಯವಾಗಿರುತ್ತದೆ. ಮೊದಲಿನ ಒರಟು ಭಾಗ ತಿಂಗಳಿಗೆ ಒಂದೂವರೆ ಮಿಲಿಮೀಟರಿನಂತೆ ಮುಂದೆ ಸಾಗಿ, ಕೊನೆಗೊಂದು ದಿನ ನೇಲ್ ಕಟರಿನ ಬಾಯಿಗೆ ಸಿಕ್ಕಿ ಹೋಗುತ್ತದೆ.